‘ಜೊತೆ’ ಎಂಬ ಪೆಟ್ಟಿಗೆಯ ಹೊಟ್ಟೆಕಿಚ್ಚು

ನಾನು ಒಂದು ಆಟದ ಪೆಟ್ಟಿಗೆ. ಟಿವಿಗೆ ನನ್ನ ತಂತಿ ಸಿಕ್ಕಿಸಿದರೆ ಪರದೆಯ ಮೇಲೆ ಆಟ ಮೂಡುತ್ತದೆ. ನನ್ನಂಥವರನ್ನು ನೀವು ವಿಡಿಯೋ ಗೇಮ್ ಎನ್ನುತ್ತೀರಿ. ನನಗೆ ಇಟ್ಟ ಹೆಸರು ‘ಜೊತೆ’. ಆ ಹೆಸರನ್ನು ನೀವು ಕೇಳಿರಲಾರಿರಿ. ಕೇಳಿಲ್ಲವೆಂದು ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಪೇಟೆಯಲ್ಲಿ ಮಣ್ಣುಮುಕ್ಕಿದ ಪೆಟ್ಟಿಗೆ ನಾನು. ಗೆದ್ದವರ ಕಥೆ ಹೇಳಲು ನೂರು ಜನ ಸಿಗುತ್ತಾರೆ, ಸೋತವರು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳಬೇಕು. ಆದರೆ ನನ್ನ ಕಥೆ ಎಂದರೆ ಮುಕ್ಕಾಲು ಪಾಲು ನನ್ನನ್ನು ಮಾಡಿದವನ ಕಥೆಯೇ. ಅವನ ಬೆರಳು ನನ್ನ ಮೇಲೆ ಆಡಿದಾಗೆಲ್ಲ ಅವನ ಮನಸ್ಸು ನನಗೆ ತಿಳಿಯುತ್ತಿತ್ತು. ಅಪ್ಪನ ಮೂಗು ಮಗುವಿಗೆ ಬರುವ ಹಾಗೆ ಅವನ ಹೊಟ್ಟೆಕಿಚ್ಚು ನನಗೂ ಬಂದಿದೆ.

ಅವನ ಹೆಸರು ಇಂದುಧರ ಹಿರೇಮಠ. ರಾಣೆಬೆನ್ನೂರಿನ ಕಡೆಯವನು. ಓದು ಮುಗಿಸಿ ಮೈಸೂರಿಗೆ ಬಂದು, ಹೆಬ್ಬಾಳದ ಕಾರ್ಖಾನೆಗಳ ಸಾಲಿನಲ್ಲಿ ಕಪ್ಪು-ಬಿಳುಪು ಟಿವಿ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ. ಕಲರ್ ಟಿವಿ ಬಂದು ಕಂಪನಿಯ ಉಸಿರು ಸಣ್ಣಗಾಗುತ್ತಿದ್ದ ಕಾಲ. ಮಾಲೀಕರಾದ ವಾಸುದೇವಮೂರ್ತಿಗಳು ಒಂದು ದಿನ ಅವನನ್ನು ಕರೆದು, “ಹಿರೇಮಠ್, ಹೊರದೇಶದ ಗೇಮ್ ಪೆಟ್ಟಿಗೆಗಳು ಪೇಟೇಲಿ ಹಾಗೇ ಖರ್ಚಾಗ್ತಿವೆ. ನಮ್ಮದೂ ಒಂದು ಮಾಡಿ. ಕಾಪಿ ಹೊಡೀಬೇಡಿ, ನಮ್ಮ ಜನಕ್ಕೆ ಒಗ್ಗೋ ಹಾಗೆ ಮಾಡಿ,” ಎಂದರು.

ಇಂದುಧರನಿಗೆ ತನ್ನ ಅಜ್ಜಿಯ ಅಳಗುಳಿ ಮಣೆ ನೆನಪಾಯಿತು. ಎರಡು ಸಾಲು ಗುಳಿ, ಹುಣಸೆಬೀಜ, ಎದುರುಬದುರು ಇಬ್ಬರು. ನನ್ನನ್ನು ಅವನು ಆ ಮಣೆಯ ಹಾಗೆಯೇ ಉದ್ದಕ್ಕೆ ಮಾಡಿದ. ಎರಡು ತುದಿಗೆ ಎರಡು ಕಡ್ಡಿ, ಆಡಿಸಲು. ಕಡ್ಡಿಗಳು ಮೈಗೆ ಅಂಟಿಕೊಂಡಿದ್ದವು, ಬಿಚ್ಚಿ ಒಯ್ಯುವ ಹಾಗಿರಲಿಲ್ಲ. ಆಡುವವರು ನನ್ನನ್ನು ಮುಂದಿಟ್ಟುಕೊಂಡು ಒಬ್ಬರ ಮೊಣಕೈಗೆ ಇನ್ನೊಬ್ಬರ ಮೊಣಕೈ ತಾಗುವಷ್ಟು ಹತ್ತಿರ ಕೂರಲೇಬೇಕು. ಎರಡೂ ಕಡ್ಡಿ ಒಟ್ಟಿಗೆ ಅಲುಗಿದರೆ ಆಟ ಶುರು. ಒಂದೇ ಅಲುಗಿದರೆ ಪರದೆಯ ಮೇಲೆ ‘ಇನ್ನೊಬ್ಬರನ್ನು ಕರೆಯಿರಿ’ ಎಂದು ಬರೆದುಕೊಂಡು ಸುಮ್ಮನೆ ಕೂರುತ್ತಿದ್ದೆ.

ಒಳಗಿನ ಆಟಗಳನ್ನು ಬರೆಯಲು ಕಂಪನಿ ಇನ್ನೊಬ್ಬಳನ್ನು ಸೇರಿಸಿಕೊಂಡಿತು. ಮೆಹರುನ್ನಿಸಾ, ಎಲ್ಲರ ಬಾಯಲ್ಲಿ ಮೆಹರ್. ಚನ್ನಪಟ್ಟಣದ ಹುಡುಗಿ. ಮನೆಯವರು ಮರದ ಗೊಂಬೆ ಮಾಡಿ ಅರಗು ಹಚ್ಚುವ ಕಸುಬಿನವರು. ನನ್ನ ಕಡ್ಡಿಗಳ ತುದಿಗೆ ಪ್ಲಾಸ್ಟಿಕ್ ಗುಂಡು ಇತ್ತು. ಅದನ್ನು ಹಿಡಿದು ನೋಡಿ ಮುಖ ಸಿಂಡರಿಸಿ, ಮುಂದಿನ ವಾರ ತನ್ನ ಊರಿನಿಂದ ಎರಡು ಅರಗಿನ ಗುಂಡು ತಂದು ಹಾಕಿದಳು. ಒಂದು ಕೆಂಪು, ಒಂದು ಹಳದಿ. ಹಿಡಿದವರು ಬಿಡಲು ಮನಸ್ಸಾಗದಷ್ಟು ನುಣುಪು. ಇಂದುಧರ ಚಲೋ ಆತು ಎಂದ. ಅಂದು ಅವನಿಗೆ ನಿಜವಾಗಿಯೂ ಚೆನ್ನ ಅನ್ನಿಸಿತ್ತು.

ವಾದ ಶುರುವಾದದ್ದು ಆಮೇಲೆ. ನನ್ನನ್ನು ಮೇಜಿನ ಮೇಲಿಟ್ಟು ಅವರಿಬ್ಬರೂ ಎದುರುಬದುರು ನಿಂತಿದ್ದರು.

“ಮನೇಲಿ ಒಂದೇ ಮಗು ಇದ್ರೆ ಏನು ಮಾಡಬೇಕು ಹಿರೇಮಠ್ರೇ?” ಎಂದಳು ಮೆಹರ್.

“ಬಾಜೂ ಮನೀ ಹುಡುಗನ್ನ ಕರೀಬೇಕ್ರೀ. ಅದಕ್ಕ ಅಲ್ಲೇನು ಇದನ್ನ ಮಾಡಿದ್ದು? ಒಬ್ಬರ ಕುಂತು ಆಡೋದು ಆಟ ಅಲ್ಲ, ಹೊತ್ತು ಕಳಿಯೋದು. ನಮ್ಮಜ್ಜಿ ಮಣಿ ತಗದ್ಲಂದ್ರ ಮದಲ ಎದುರಿಗೆ ಒಬ್ಬರನ್ನ ಕೂಡಸ್ತಿದ್ಲು.”

“ಯಾರೂ ಸಿಗದೇ ಇದ್ದ ದಿನ ನಿಮ್ಮಜ್ಜಿ ಏನು ಮಾಡೋರು?”

ಅವನು ಕೆಂಪು ಗುಂಡನ್ನು ಸುಮ್ಮಸುಮ್ಮನೆ ಅತ್ತಿತ್ತ ಆಡಿಸಿದ.

“ನಮ್ಮ ಬೀದೀಲಿ ಪುಟ್ಟತಾಯಮ್ಮ ಅಂತ ಇದ್ರು,” ಎಂದಳು ಅವಳು. “ಮಧ್ಯಾಹ್ನ ಒಬ್ರೇ ಮಣೆ ಇಟ್ಕೊಂಡು ಕಾಳು ಹಾಕೋರು. ಇದೇನಮ್ಮ ಅಂತ ಕೇಳಿದ್ರೆ ‘ಸೀತೆ ಆಟ ಕಣೆ’ ಅನ್ನೋರು. ಅಶೋಕವನದಲ್ಲಿ ಸೀತಮ್ಮನಿಗೆ ಯಾರಿದ್ರು ಜೊತೆಗೆ? ಒಬ್ಳೇ ಆಡ್ಕೊಂಡು ದಿನ ತಳ್ಳಿದ್ಳಂತೆ. ನಿಮ್ಮ ಮಣೆಯಲ್ಲೇ ಆ ಆಟ ಇದೆ. ನಾವು ಯಾಕೆ ಬಿಡಬೇಕು?”

ಅಜ್ಜಿಯೂ ಬಿಸಿಲು ಇಳಿಯುವ ತನಕ ಒಬ್ಬಳೇ ಕೂತು ಹುಣಸೆಬೀಜ ಸುರಿಯುತ್ತಿದ್ದದ್ದು ಇಂದುಧರನಿಗೆ ಆಗ ನೆನಪಾಯಿತು. ಹೇಳಲಿಲ್ಲ. ಮಣೆ ತನ್ನ ಮನೆಯದು, ಅಜ್ಜಿ ತನ್ನವಳು, ಆಲೋಚನೆ ತನ್ನದು. ಇವೆಲ್ಲದರ ಒಳಗಿನ ಗುಟ್ಟನ್ನು ಚನ್ನಪಟ್ಟಣದ ಮೆಹರುನ್ನಿಸಾ ತನಗೆ ಕಲಿಸಿಕೊಡುವುದೇ? ಎದೆಯಲ್ಲಿ ಒಂದು ಕಿಡಿ ಬಿದ್ದದ್ದು ಅವನಿಗೆ ಗೊತ್ತಾಯಿತು. ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಡಲು ಅವನು ಒಪ್ಪಲಿಲ್ಲ. ತತ್ವದ ಪ್ರಶ್ನೆ ಎಂದುಕೊಂಡ.

ಮೆಹರ್ ವಾದದಿಂದ ಗೆಲ್ಲಲು ಹೋಗಲಿಲ್ಲ, ಕೆಲಸ ಮಾಡಿ ತೋರಿಸಿದಳು. ನನ್ನ ಹೊಟ್ಟೆಯ ಕೆಳಗೆ ಒಂದು ಪುಟ್ಟ ಸ್ವಿಚ್ ಕೂರಿಸಿ, ಒಳಗೆ ಇನ್ನೊಂದು ಚಿಪ್ ಹಾಕಿದಳು. ಸ್ವಿಚ್ ಒತ್ತಿದರೆ ಎದುರಾಳಿ ನಾನೇ. ಒಬ್ಬರೇ ಕೂತರೂ ಆಟ ನಡೆಯುತ್ತಿತ್ತು. ಅದಕ್ಕೆ ಸೀತೆ ಸ್ವಿಚ್ ಎಂದು ಹೆಸರು ಬಿತ್ತು.

ವಾಸುದೇವಮೂರ್ತಿಗಳು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು, ನೋಡೋಣ ಎಂದು ನನ್ನ ಮುಂದೆ ಕೂತರು. ಗಾಳಿಪಟ ಕತ್ತರಿಸುವ ಆಟ ಹಾಕಿದೆ. ಸೋಲಿಸಿದೆ. ಮತ್ತೆ ಆಡಿದರು, ಮತ್ತೆ ಸೋಲಿಸಿದೆ. ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡೇ ಸಂಜೆ ತನಕ ಆಡಿದರು. ಬಂದವರನ್ನು ಕೈಸನ್ನೆಯಲ್ಲೇ ಆಚೆ ಕಳಿಸಿದರು. ಎದ್ದಾಗ ಹೇಳಿದ ಮಾತು ಒಂದೇ: “ಪೆಟ್ಟಿಗೆ ಮಾಡೋದು ಯಾರಾದ್ರೂ ಮಾಡ್ತಾರೆ. ಈ ಸ್ವಿಚ್ ಹೊಳೆದದ್ದು ದೊಡ್ಡದು. ಶಭಾಷ್ ಮೆಹರ್.”

ಇಂದುಧರ ಪಕ್ಕದಲ್ಲೇ ನಿಂತಿದ್ದ. ನಕ್ಕ. ಮನೆಗೆ ಹೋಗಿ ಹೆಂಡತಿ ನೀಲಾಂಬಿಕೆ ಬಡಿಸಿದ ರೊಟ್ಟಿಯನ್ನು ಚೂರುಚೂರು ಮಾಡುತ್ತಾ, “ಪೆಟ್ಟಿಗಿ ಯಾರಾದ್ರೂ ಮಾಡ್ತಾರಂತ, ಶಭಾಷ್ ಎಲ್ಲಾ ಆ ಮೆಹರ್‌ಗಂತ,” ಎಂದ.

“ಆಕಿನೂ ನಿಮ್ಮ ಕೂಡನ ಕೆಲಸ ಮಾಡಾಕಿ ಅಲ್ಲೇನ್ರೀ?” ಎಂದಳು ನೀಲಾ. “ಚಲೋ ಆತು ಅಂದ್ರ ಇಬ್ಬರಿಗೂ ಚಲೋ.”

ಅವನಿಗೆ ಆ ಮಾತು ಇನ್ನಷ್ಟು ಉರಿ ಹಚ್ಚಿತು.

ಕಾರ್ಖಾನೆಯಲ್ಲಿ ಅಚ್ಚು ಹಾಕಿಸುವ ಮುಂಚೆ ಕೊನೆಯ ತೀರ್ಮಾನ ಆಗಬೇಕಿತ್ತು. ಆ ವಾರ ಮೆಹರ್ ತಂಗಿಯ ಮದುವೆಗೆ ಊರಿಗೆ ಹೋಗಿದ್ದಳು. ಇಂದುಧರ ಮಾಲೀಕರ ಮುಂದೆ ಕೂತು ಬಹಳ ಸಮಾಧಾನದಿಂದ ಮಾತಾಡಿದ. ಹೆಚ್ಚಿನ ಚಿಪ್ ಹಾಕಿದರೆ ಬೆಲೆ ಏರುತ್ತದೆ ಎಂದ. ಜೊತೆ ಅಂತ ಹೆಸರಿಟ್ಟು ಒಬ್ಬರೇ ಆಡಿ ಅಂತಲೂ ಹೇಳಿದರೆ ಜನಕ್ಕೆ ಯಾವುದನ್ನು ನಂಬಬೇಕು ತಿಳಿಯದು ಎಂದ. ಪ್ರತಿ ಮಾತಿನಲ್ಲೂ ಹುರುಳಿತ್ತು. ಹುರುಳಿರುವ ಮಾತಿನ ಹಿಂದೆ ಹೊಟ್ಟೆಕಿಚ್ಚು ಅಡಗಿದರೆ ಕಂಡುಹಿಡಿಯುವುದು ಕಷ್ಟ.

“ಮೆಹರ್ ಏನಂತಾರೆ? ಒಪ್ಪಿದ್ದಾರಾ?” ಎಂದು ಮೂರ್ತಿಗಳು ಕೇಳಿದರು.

“ಒಪ್ಯಾರ್ರೀ,” ಎಂದ ಇಂದುಧರ.

ಮೇಜಿನ ಮೇಲೆ ನಾನಿದ್ದೆ. ಆ ಸುಳ್ಳು ಹೇಳುವಾಗ ಅವನ ಅಂಗೈ ನನ್ನ ಬೆನ್ನ ಮೇಲಿತ್ತು, ಬೆವೆತಿತ್ತು.

ಹೀಗೆ ಸೀತೆ ಸ್ವಿಚ್ ಉಳಿದದ್ದು ಮೊದಲ ಮಾದರಿಯಾದ ನನ್ನೊಬ್ಬನಲ್ಲಿ. ಕಾರ್ಖಾನೆಯಿಂದ ಸಾಲಾಗಿ ಬಂದ ನನ್ನ ತಮ್ಮಂದಿರ ಹೊಟ್ಟೆ ನುಣ್ಣಗಿತ್ತು.

ಮೆಹರ್ ಮದುವೆ ಮುಗಿಸಿ, ಎಲ್ಲರಿಗೂ ಒಂದು ಡಬ್ಬಿ ತುಂಬ ಸಿಹಿ ಹಿಡಿದುಕೊಂಡು ಬಂದಳು. ಹೊಸ ಪೆಟ್ಟಿಗೆ ಎತ್ತಿ ತಿರುಗಿಸಿ ನೋಡಿದಳು. ಅದನ್ನು ಇಟ್ಟು, ಇನ್ನೊಂದನ್ನು ಎತ್ತಿ ನೋಡಿದಳು. ಆಮೇಲೆ ಇಂದುಧರನ ಹತ್ತಿರ ಬಂದು, “ನಾನು ಒಪ್ಪಿದ್ದೀನಿ ಅಂತ ಸರ್ ಹೇಳಿದ್ರು,” ಎಂದಳು.

ಅವನು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಪೆಟ್ಟಿಗೆ ನನಗೆ ತುಂಬ ಇಷ್ಟ ಹಿರೇಮಠ್ರೇ. ಅದಕ್ಕೇ ಆ ಸ್ವಿಚ್ ಹಾಕಿದ್ದೆ. ಬೇಡ ಅಂತ ನನ್ನ ಹತ್ರ ಹೇಳಿದ್ರೆ ಜಗಳ ಆಡ್ತಿದ್ದೆ, ಸೋತಿದ್ರೆ ಸುಮ್ಮನಾಗ್ತಿದ್ದೆ.” ಸಿಹಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋದಳು. ಮಾಲೀಕರಿಗೆ ದೂರು ಹೇಳಲಿಲ್ಲ. ಪೆಟ್ಟಿಗೆ ಮಾರುಕಟ್ಟೆಗೆ ಬಂದ ಮೇಲೆ, ಪುಣೆಯ ಒಂದು ಆಟಿಕೆ ಕಂಪನಿಯಲ್ಲಿ ಕೆಲಸ ಹಿಡಿದು ಹೊರಟುಹೋದಳು.

ನನ್ನನ್ನು ಶಿವರಾಂಪೇಟೆಯ ಒಂದು ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟರು. ಸ್ವಿಚ್ ಯಾರಿಗೂ ಕಾಣದಂತೆ ಇಂದುಧರನೇ ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ. ಅಂಗಡಿಯಲ್ಲಿ ಏನು ಗದ್ದಲ. ಅಣ್ಣತಮ್ಮಂದಿರು, ಗೆಳೆಯರು, ಮಾವ ಅಳಿಯ ಎಲ್ಲರೂ ಮೊಣಕೈ ತಾಗಿಸಿಕೊಂಡು ಆಡಿದರು. ಮೊದಲ ದೀಪಾವಳಿಗೆ ತಮ್ಮಂದಿರು ಚೆನ್ನಾಗಿಯೇ ಖರ್ಚಾದರು. ಇಂದುಧರ ದಿನವೂ ಬಂದು ಅಂಗಡಿಯ ಮೂಲೆಯಲ್ಲಿ ನಿಂತು ನೋಡಿ, ಮೀಸೆಯಲ್ಲೇ ನಗುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಪೆಟ್ಟಿಗೆಗಳು ವಾಪಸು ಬರತೊಡಗಿದವು. ಒಂದು ದಿನ ಅವನು ಅಲ್ಲಿರುವಾಗಲೇ ಒಬ್ಬ ಹೆಂಗಸು ಬಂದು ತನ್ನ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟಳು. “ಕೆಟ್ಟಿಲ್ಲಪ್ಪ, ಚೆನ್ನಾಗೇ ಇದೆ,” ಎಂದಳು ಅಂಗಡಿಯವನಿಗೆ. “ನಮಗಿರೋಳು ಒಬ್ಳೇ ಮಗಳು. ಸ್ಕೂಲಿಂದ ಬರೋ ಹೊತ್ತಿಗೆ ನಾವಿಬ್ಬರೂ ಆಫೀಸಲ್ಲಿ. ಇದನ್ನ ಹಾಕಿದ್ರೆ ‘ಇನ್ನೊಬ್ಬರನ್ನು ಕರೆಯಿರಿ’ ಅನ್ನತ್ತೆ. ಯಾರನ್ನ ಕರೀಬೇಕು ಅವಳು? ಮೊನ್ನೆ ನಾನು ಬಂದಾಗ ಆ ಅಕ್ಷರ ನೋಡ್ಕೊಂಡು ಹಾಗೇ ಕೂತಿದ್ಳು.”

ಇಂದುಧರ ಅಂಗಡಿಯಿಂದ ಇಳಿದು ಹೋದ. ಮರುದಿನದಿಂದ ಬರಲಿಲ್ಲ.

ಕಂಪನಿ ಆಟದ ವಿಭಾಗವನ್ನು ಮುಚ್ಚಿತು. ಉಳಿದ ನನ್ನ ತಮ್ಮಂದಿರನ್ನು ಗುಜರಿಯವನು ಲಾರಿಯಲ್ಲಿ ಒಯ್ದ. ಇಂದುಧರ ಒಂದು ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರಾಗಿ ಸೇರಿ, ನನ್ನನ್ನು ಕುವೆಂಪುನಗರದ ತನ್ನ ಮನೆಗೆ ತಂದುಕೊಂಡ. ಯಾರಾದರೂ ಕೇಳಿದರೆ ಬೆಲೆ ಹೆಚ್ಚಾಯಿತು, ಜಾಹೀರಾತು ಸಾಲಲಿಲ್ಲ, ಜನಕ್ಕೆ ಹೊರದೇಶದ್ದೇ ಬೇಕು ಎನ್ನುತ್ತಿದ್ದ. ಹೇಳುತ್ತಾ ಹೇಳುತ್ತಾ ಅವನಿಗೇ ಅದು ನಿಜ ಅನ್ನಿಸತೊಡಗಿತು.

ಆಗ ಬಂತು ‘ಬುಗುರಿ’. ಅಂಗೈಯಗಲದ ಆಟಿಕೆ, ಅದರೊಳಗೇ ಪುಟ್ಟ ಪರದೆ, ಒಬ್ಬರೇ ಆಡುವುದು. ಪುಣೆಯಲ್ಲಿ ಮೆಹರ್ ಮಾಡಿದ್ದು. ಸಿಟಿ ಬಸ್ಸಿನಲ್ಲಿ, ಡಾಕ್ಟರ ಶಾಪಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ನೋಡಿದರೂ ಮಕ್ಕಳ ಕೈಯಲ್ಲಿ ಬುಗುರಿ. ಪತ್ರಿಕೆಯಲ್ಲಿ ಅವಳ ಚಿತ್ರ ಬಂದ ದಿನ ಇಂದುಧರ ಆ ಪುಟವನ್ನು ಓದದೆ ಮಡಚಿಟ್ಟ. ಆಮೇಲೆ ಬಿಚ್ಚಿ ಓದಿದ. ಮತ್ತೆ ಓದಿದ. ಎಲ್ಲಾದರೂ ತನ್ನ ಹೆಸರಿದೆಯೇ ಎಂದು ಹುಡುಕಿದ. ಇರಲಿಲ್ಲ. ನಾನಾದರೂ ಏನು ಕಮ್ಮಿ? ಪಕ್ಕದ ಮನೆಯ ಜಗಲಿಯಿಂದ ಬುಗುರಿಯ ಕಿಣಿಕಿಣಿ ಕೇಳಿದಾಗೆಲ್ಲ ನನ್ನೊಳಗಿನ ತಂತಿಗಳೆಲ್ಲ ಬಿಗಿಯುತ್ತಿದ್ದವು. ಅದು ಒಡೆದುಹೋಗಲಿ ಎಂದು ಹಾರೈಸುತ್ತಿದ್ದೆ.

ಇಂದುಧರನಿಗೆ ತಿಳಿಯದ ಒಂದು ಸಂಗತಿ ಆ ಮನೆಯಲ್ಲಿ ನಡೆಯುತ್ತಿತ್ತು. ಮದುವೆಯಾಗಿ ವರ್ಷಗಳಾದರೂ ಅವರಿಗೆ ಮಕ್ಕಳಿರಲಿಲ್ಲ. ಮಧ್ಯಾಹ್ನ ನೀಲಾ ಒಬ್ಬಳೇ. ಒಂದು ದಿನ ನನ್ನನ್ನು ಒರೆಸುವಾಗ ಟೇಪ್ ಕಿತ್ತು ಬಂತು, ಸ್ವಿಚ್ ಕಂಡಿತು. ಒತ್ತಿ ನೋಡಿದಳು. ಅಂದಿನಿಂದ ಕೆಲಸ ಮುಗಿದ ಮೇಲೆ ದಿನವೂ ನನ್ನೊಂದಿಗೆ ಆಟ. ಮೊದಮೊದಲು ಸೋತಳು, ಆಮೇಲೆ ನನ್ನನ್ನೇ ಸೋಲಿಸತೊಡಗಿದಳು. ಗೆದ್ದಾಗ ನನ್ನ ಬೆನ್ನು ತಟ್ಟುತ್ತಿದ್ದಳು. ನನ್ನ ಬದುಕಿನಲ್ಲಿ ಅಷ್ಟು ಸುಖವಾದ ದಿನಗಳು ಬೇರೆ ಇಲ್ಲ.

ಒಂದು ಮಧ್ಯಾಹ್ನ ಇಂದುಧರ ಬೇಗ ಮನೆಗೆ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ನೀಲಾ ಕೆಂಪು ಗುಂಡು ಹಿಡಿದು, ಕಣ್ಣು ಪರದೆಯಲ್ಲಿ ನೆಟ್ಟು, ತನ್ನಷ್ಟಕ್ಕೆ ನಗುತ್ತಿದ್ದಳು.

“ಯಾವಾಗಿಂದ ನಡದೈತಿ ಇದು?”

“ಬಾಳ ದಿನ ಆತು. ನೀವು ಇಲ್ಲದಾಗ ಇದ ನನಗ ಜೋಡಿ,” ಎಂದಳು ಅವಳು ಸಹಜವಾಗಿ. “ಎಷ್ಟ್ ಚಂದ ಮಾಡೀರಿ ನೀವು. ಈ ಸ್ವಿಚ್ ಒಂದ ಸಾಕು ನೋಡ್ರಿ.”

ತನ್ನ ಹೆಂಡತಿ ತನ್ನನ್ನು ಹೊಗಳುತ್ತಿದ್ದಾಳೆ, ಹೊಗಳಿದ್ದೆಲ್ಲ ಮೆಹರ್‌ಗೆ ಸಲ್ಲುತ್ತಿದೆ. ನೀಲಾ ಹಾಲು ತರಲು ಹೋದಾಗ ನನ್ನನ್ನು ಬೋರಲು ಹಾಕಿ, ಹೊಟ್ಟೆ ಬಿಚ್ಚಿ, ಸ್ವಿಚ್ಚಿನ ತಂತಿಯನ್ನು ಕಟಕ್ಕನೆ ಕತ್ತರಿಸಿದ. ಮುಚ್ಚಳ ಹಾಕುವಾಗ ಸ್ಕ್ರೂ ಎರಡು ಸಲ ಜಾರಿ ಬಿತ್ತು.

ಮರುದಿನ ನೀಲಾ ಸ್ವಿಚ್ ಒತ್ತಿದಳು. ‘ಇನ್ನೊಬ್ಬರನ್ನು ಕರೆಯಿರಿ’ ಎಂದೆ. ನನಗೆ ಬೇರೆ ಮಾತು ಉಳಿದಿರಲಿಲ್ಲ. ಅವಳು ಮೂರ್ನಾಲ್ಕು ಸಲ ಒತ್ತಿ, ತಿರುಗಿಸಿ ನೋಡಿ, ಹೊಸದಾಗಿ ಗೀರು ಬಿದ್ದ ಸ್ಕ್ರೂಗಳ ಮೇಲೆ ಬೆರಳಾಡಿಸಿದಳು. ಸಂಜೆ ಗಂಡ ಬಂದಾಗ, “ಬರ್ರಿ, ಆಡೋಣು,” ಎಂದಳು. ಪರೀಕ್ಷೆ ಪೇಪರ್ ಅದಾವ ಎಂದ. ಇನ್ನೊಂದು ದಿನ ಕರೆದಳು, ತಲೆನೋವು ಎಂದ. ಆಮೇಲೆ ಕರೆಯಲಿಲ್ಲ. ನಾನು ಅಟ್ಟ ಸೇರಿದೆ.

ಇಂದುಧರ ನಿವೃತ್ತನಾದ ಮೇಲೆ ಒಂದು ಇಂಜಿನಿಯರಿಂಗ್ ಕಾಲೇಜಿನವರು ಅವನನ್ನು ಹುಡುಕಿಕೊಂಡು ಬಂದರು. ಈ ನಾಡಿನಲ್ಲಿ ತಯಾರಾಗಿ ಸೋತ ವಸ್ತುಗಳ ಬಗ್ಗೆ ಅವರಲ್ಲಿ ಒಂದು ಚರ್ಚೆ, ‘ಜೊತೆ ಯಾಕೆ ಸೋತಿತು’ ಎಂಬುದು ಅಂದಿನ ವಿಷಯ. ಮೆಹರುನ್ನಿಸಾ ಮೇಡಂ ಕೂಡ ಬರುತ್ತಾರೆ ಎಂದರು. ಇಂದುಧರ ಒಲ್ಲೆ ಎನ್ನುವುದರಲ್ಲಿದ್ದ. ಅವಳೊಬ್ಬಳೇ ಹೋಗಿ ಮಾತಾಡಿದರೆ ಎಂಬ ಯೋಚನೆ ಬಂದದ್ದೇ ಒಪ್ಪಿದ. ನೀಲಾಳೇ ನನ್ನನ್ನು ಅಟ್ಟದಿಂದ ಇಳಿಸಿ ಒರೆಸಿದಳು.

ಸಭಾಂಗಣದಲ್ಲಿ ನನ್ನನ್ನು ಮೇಜಿನ ನಡುವೆ ಇಟ್ಟು, ಎಲ್ಲಿಂದಲೋ ಒಂದು ಹಳೆಯ ಟಿವಿ ತಂದು ಪಕ್ಕದಲ್ಲಿ ನಿಲ್ಲಿಸಿದರು. ಮೆಹರ್ ಬಂದಳು. ಕೂದಲು ನೆರೆತಿತ್ತು, ನಡಿಗೆ ಅದೇ. ನನ್ನನ್ನು ಕಂಡೊಡನೆ ಅರಗಿನ ಗುಂಡು ಹಿಡಿದು, “ಬಣ್ಣ ಹೋಗಿಲ್ಲ,” ಎಂದಳು. ವಿದ್ಯಾರ್ಥಿಗಳು ಬಿರುಸಾಗಿ ವಾದಿಸಿದರು. ಆಟವನ್ನು ಮೆಚ್ಚಿದವರು ಇದ್ದರು, ಆಲೋಚನೆಯೇ ತಪ್ಪು ಎಂದವರೂ ಇದ್ದರು. ಕೊನೆಗೆ ಕನ್ನಡಕದ ಒಬ್ಬ ಹುಡುಗಿ ಎದ್ದು ನೇರವಾಗಿ ಕೇಳಿದಳು: “ಸರ್, ಒಬ್ಬರೇ ಆಡೋ ವ್ಯವಸ್ಥೆ ಯಾಕೆ ಇಡಲಿಲ್ಲ? ನಿಮಗೆ ಅದು ಹೊಳೀಲೇ ಇಲ್ವಾ?”

ಮೆಹರ್ ಇಂದುಧರನ ಕಡೆ ತಿರುಗಿ ನೋಡಿದಳು.

ಇಂದುಧರ ಮೈಕ್ ಹತ್ತಿರ ಎಳೆದುಕೊಂಡ. “ಆ ಕಾಲಕ್ಕ ಅದು ಸಾಧ್ಯ ಇರಲಿಲ್ಲಮ್ಮ,” ಎಂದ. “ಅಂಥ ತಂತ್ರಜ್ಞಾನ ನಮ್ಮ ಕೈಯಾಗ ಇರಲಿಲ್ಲ.”

ಹಿಂದಿನ ಸಾಲಿನಲ್ಲಿ ನೀಲಾ ಎದ್ದು ನಿಂತಳು. ಸಭೆಯಲ್ಲಿ ಮಾತಾಡಿ ಗೊತ್ತಿಲ್ಲದವಳು, ಸೆರಗಿನ ಚುಂಗು ಬೆರಳಿಗೆ ಸುತ್ತಿಕೊಂಡಿದ್ದಳು.

“ಇತ್ತವ್ವಾ,” ಎಂದಳು ಆ ಹುಡುಗಿಗೆ. “ಆ ಪೆಟ್ಟಿಗಿಯೊಳಗ ಇತ್ತು. ಕೆಳಗ ಸ್ವಿಚ್ ಐತಿ ನೋಡು. ನಾನು ಬಾಳ ದಿನ ಆಡೇನಿ. ಆಮ್ಯಾಲ ನಿಂತ ಹೋತು.” ಅಷ್ಟು ಹೇಳಿ ಕೂತಳು.

ಇಂದುಧರ ಹೆಂಡತಿಯನ್ನು ನೋಡಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತಂತಿ ಕತ್ತರಿಸಿದ್ದು ಅವಳಿಗೆ ಅಂದೇ ಗೊತ್ತಾಗಿತ್ತು, ಇಷ್ಟು ಕಾಲ ಗೊತ್ತಿತ್ತು ಎಂಬುದು ಅವನಿಗೆ ಈಗ ತಿಳಿಯಿತು. ಮೈಕನ್ನು ಮೆಲ್ಲಗೆ ಮೆಹರ್ ಕಡೆ ಸರಿಸಿದ.

“ಆ ಸ್ವಿಚ್ ನಾನು ಹಾಕಿದ್ದು,” ಎಂದಳು ಮೆಹರ್. “ಯಾಕೆ ಉಳೀಲಿಲ್ಲ ಅನ್ನೋದು ನಮ್ಮಿಬ್ಬರಿಗೂ ಗೊತ್ತು. ಆದ್ರೆ ಇನ್ನೊಂದು ಹೇಳ್ತೀನಿ. ಬುಗುರಿ ತುಂಬ ಓಡ್ತು. ಅದನ್ನ ಹಿಡ್ಕೊಂಡ ಮಗು ತಲೆ ಎತ್ತಿ ಪಕ್ಕದವರನ್ನ ನೋಡಿದ್ದು ನಾನು ಕಾಣ್ಲಿಲ್ಲ. ಮೊಣಕೈ ತಾಗಬೇಕು ಅನ್ನೋ ಯೋಚನೆ ನನಗೆ ಬರಲಿಲ್ಲವಲ್ಲ ಅಂತ ಎಷ್ಟೋ ಸಲ ಹೊಟ್ಟೆ ಉರಿದಿದೆ.”

ಇಂದುಧರ ತಲೆ ಎತ್ತಿದ. ಅವಳು ಸುಳ್ಳು ಹೇಳುತ್ತಿದ್ದಾಳೆಯೇ ಎಂದು ನೋಡಿದ. ಹೊಟ್ಟೆ ಉರಿಸಿಕೊಂಡವರ ಮುಖ ಅವನಿಗೆ ಚೆನ್ನಾಗಿ ಗೊತ್ತು. ಅದು ಅದೇ ಮುಖ.

ಸಭೆ ಮುಗಿದು ಎಲ್ಲರೂ ಕಾಫಿಗೆ ಹೋದರು. ಮೆಹರ್ ಕೆಳಗಿಳಿದು ನೀಲಾಳ ಹತ್ತಿರ ಹೋಗಿ, “ಗಾಳಿಪಟದಲ್ಲಿ ನನ್ನ ಪ್ರೋಗ್ರಾಂನ ಸೋಲಿಸಿದ್ರಾ?” ಎಂದು ಕೇಳಿದಳು.

“ದಿನಾ ಸೋಲಸ್ತಿದ್ದೆ.”

“ನನ್ನ ಸೋಲಿಸಿ ನೋಡೋಣ.”

ಇಬ್ಬರೂ ನನ್ನ ಮುಂದೆ ಕೂತರು. ಮೊಣಕೈಗೆ ಮೊಣಕೈ ತಾಗಿತು. ನೀಲಾ ಗೆದ್ದಳು, ಮೆಹರ್ ಇನ್ನೊಂದು ಆಟ ಎಂದಳು. ಇಂದುಧರ ಕಾಫಿಯ ಲೋಟ ಹಿಡಿದು ಹಿಂದೆ ಬಂದು ನಿಂತ. ಇಷ್ಟು ವರ್ಷ ಅವನ ಜೊತೆ ಬಾಳಿದ ಹೆಂಡತಿ ಹೀಗೆ ನಗುವುದನ್ನು ಅವನು ನೋಡಿದ್ದು ಒಂದೇ ಸಲ, ಆ ಮಧ್ಯಾಹ್ನ. ಅವನ ಹಳೆಯ ಕಿಚ್ಚು ಮತ್ತೆ ಎದ್ದಿತು. ಆದರೆ ಈ ಸಲ ಯಾರನ್ನೂ ಕೆಡವಬೇಕು ಅನ್ನಿಸಲಿಲ್ಲ, ಅಲ್ಲಿ ಕೂರಬೇಕು ಅನ್ನಿಸಿತು.

“ನಾನೂ ಕೂಡ್ರಲಿ ಏನು?” ಎಂದ.

ನೀಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಸೋತಾವ್ರು ಏಳಬೇಕು, ಆಮ್ಯಾಲ ನೀವು. ಹಂಗ ನಿಂದರ್ರಿ.”

ಮೆಹರ್ ಸೋತಳು, ಆದರೆ ಏಳಲಿಲ್ಲ. ಅವನು ನಿಂತೇ ಇದ್ದ. ಅವನ ಲೋಟದ ಕಾಫಿ ಖಾಲಿಯಾಯಿತು, ನಿಂತೇ ಇದ್ದ.

ಈಗ ನಾನು ಅದೇ ಕಾಲೇಜಿನ ಗಾಜಿನ ಬೀರುವಿನಲ್ಲಿದ್ದೇನೆ. ಪಕ್ಕದಲ್ಲೇ ಒಂದು ಬುಗುರಿಯನ್ನು ಇಟ್ಟಿದ್ದಾರೆ. ಅದರ ಪರದೆ ಸೋರಿ ಕಪ್ಪಾಗಿದೆ, ಇನ್ನು ಅದು ಆಡಲಾರದು. ಬರುವ ಮಕ್ಕಳು ಈಗಲೂ ಅದನ್ನೇ ಮೊದಲು ಗುರುತಿಸಿ, ನಮ್ಮಮ್ಮನ ಹತ್ತಿರ ಇತ್ತು ಎನ್ನುತ್ತಾರೆ. ನನಗೆ ಈಗಲೂ ಚುರುಕ್ ಎನ್ನುತ್ತದೆ. ಹೊಟ್ಟೆಕಿಚ್ಚು ವಯಸ್ಸಾದರೆ ಆರುತ್ತದೆ ಎಂದು ನಂಬಿದ್ದೆ, ಅದು ಆರುವ ಜಾತಿಯದಲ್ಲ. ಬೇರೆಯವರ ಕೈಯಲ್ಲಿರುವುದು ಚೆನ್ನಾಗಿದೆ ಎಂದು ನಮಗೆ ಮೊದಲು ತಿಳಿಸುವುದು ಅದೇ. ತಿಳಿದ ಮೇಲೆ ಕತ್ತರಿ ಹುಡುಕುತ್ತೇವೋ, ಪಕ್ಕದಲ್ಲಿ ಜಾಗ ಕೇಳುತ್ತೇವೋ ಎಂಬುದು ನಮಗೆ ಬಿಟ್ಟದ್ದು.

ತಿಂಗಳಿಗೊಮ್ಮೆ ಇಂದುಧರ ನೀಲಾಳೊಂದಿಗೆ ಬರುತ್ತಾನೆ. ಕಾಲೇಜಿನವರು ಬೀರು ತೆಗೆದುಕೊಡುತ್ತಾರೆ. ಅವನು ಆಟದಲ್ಲಿ ಬಹಳ ಹಿಂದೆ, ಸೋಲುತ್ತಲೇ ಇದ್ದಾನೆ. ನೀಲಾ ಅವನಿಗೆ ಬಿಟ್ಟುಕೊಡುವುದಿಲ್ಲ.